ಟೆಸ್ಟಿಂಗ್‌ಗೆ ರ್‍ಯಾಂಡಮ್ ಸ್ಟ್ರಿಂಗ್: ಹುಟ್ಟಿಸುವುದು, ಕೆಡಿಸುವುದು, ಮತ್ತೆ ಹಿಡಿಯುವುದು

ಈ ಎರಡು ಪದ ನೋಡಿ: ಬೆಂಗಳೂರು, ಬೆ೦ಗಳೂರು. ಎಷ್ಟೋ ಫಾಂಟ್‌ಗಳಲ್ಲಿ ವ್ಯತ್ಯಾಸ ಕಣ್ಣಿಗೆ ಬೀಳುವುದೇ ಇಲ್ಲ. ಮೊದಲನೆಯದರಲ್ಲಿ ಇರುವುದು ಅನುಸ್ವಾರ. ಎರಡನೆಯದರಲ್ಲಿ ಅದರ ಜಾಗದಲ್ಲಿ ಕನ್ನಡದ ಅಂಕಿ ಸೊನ್ನೆ ಕೂತಿದೆ. ಎಲ್ಲ ಲಿಪಿಗಳ ಪ್ರತಿ ಚಿಹ್ನೆಗೂ ಒಂದು ಸಂಖ್ಯೆ ಕೊಡುವ ಯೂನಿಕೋಡ್ ಪಟ್ಟಿಯಲ್ಲಿ ಅನುಸ್ವಾರದ ಸಂಖ್ಯೆ ದಶಮಾನದಲ್ಲಿ 3202, ಸೊನ್ನೆಯದು 3302.

ಕೆಲವು ವರ್ಷಗಳ ಹಿಂದೆ ನಾನಿದ್ದ ತಂಡ ಒಂದು ಸದಸ್ಯತ್ವ ನೋಂದಣಿಯ ತಂತ್ರಾಂಶ ಕಟ್ಟಿತ್ತು. ಬಿಡುಗಡೆಯಾಗಿ ತಿಂಗಳೊಳಗೆ ದೂರು ಬಂತು: ಊರಿನ ಹೆಸರು ಕೊಟ್ಟು ಹುಡುಕಿದರೆ ಕೆಲವರ ದಾಖಲೆ ಸಿಗುವುದೇ ಇಲ್ಲ. ಪಟ್ಟಿ ತೆರೆದು ನೋಡಿದರೆ ಹೆಸರು ಅಲ್ಲೇ ಇದೆ, ಹುಡುಕಿದರೆ ಇಲ್ಲ. ಎರಡು ದಿನ ಡೇಟಾಬೇಸ್ ಇಂಡೆಕ್ಸ್, ಕ್ಯಾಶ್ ಎಲ್ಲ ಜಾಲಾಡಿದೆವು. ಕೊನೆಗೆ ಒಂದೊಂದೇ ಅಕ್ಷರದ ಕೋಡ್ ಸಂಖ್ಯೆ ಪ್ರಿಂಟ್ ಮಾಡಿ ಅಡ್ಡಡ್ಡ ಇಟ್ಟಾಗ 3202 ಇರಬೇಕಾದ ಕಡೆ 3302 ಕಂಡಿತು. ಟೈಪ್ ಮಾಡಿದವರಿಗೆ ಸೊನ್ನೆ ಸೊನ್ನೆಯ ಹಾಗೇ ಕಂಡಿತ್ತು, ಹಾಕಿದ್ದರು. ಅವರದೇನೂ ತಪ್ಪಿಲ್ಲ.

ಬಿಡುಗಡೆಗೆ ಮುಂಚೆ ನಾವು 1 ಲಕ್ಷ ರ್‍ಯಾಂಡಮ್ ಸ್ಟ್ರಿಂಗ್ (ಯದ್ವಾತದ್ವಾ ಜೋಡಿಸಿದ ಅಕ್ಷರಗಳ ಸಾಲು) ಹಾಯಿಸಿದ್ದೆವು. ಎಲ್ಲವೂ ಪಾಸ್. ಎಲ್ಲವೂ ಹತ್ತು ಇಂಗ್ಲಿಷ್ ಅಕ್ಷರದವು. ಲಕ್ಷ ಸಲ ಒಂದೇ ಪ್ರಶ್ನೆ ಕೇಳಿ ಲಕ್ಷ ಸಲ ಅದೇ ಉತ್ತರ ಪಡೆದಿದ್ದೆವು. ಅಲ್ಲಿಂದೀಚೆಗೆ ನಾನು ಟೆಸ್ಟ್ ಡೇಟಾ ಮಾಡುವ ಕ್ರಮವನ್ನು ಇಲ್ಲಿ ಹೆಜ್ಜೆ ಹೆಜ್ಜೆಯಾಗಿ ಬರೆಯುತ್ತಿದ್ದೇನೆ. ಉದಾಹರಣೆಗಳು ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯವು. ಕ್ರಮ ಯಾವ ಭಾಷೆಗಾದರೂ ಒಂದೇ.

ಮೊದಲು ಹಾಳೆ, ಆಮೇಲೆ ಕೋಡ್

ಫಾರ್ಮಿನ ಪ್ರತಿ ಫೀಲ್ಡ್‌ಗೂ (ತುಂಬುವ ಜಾಗಕ್ಕೂ) ನಾಲ್ಕು ವಿಷಯ ಬರೆದುಕೊಳ್ಳಿ. ಇಲ್ಲಿ ಯಾರು ಟೈಪ್ ಮಾಡುತ್ತಾರೆ? ಯಾವ ಕೀಬೋರ್ಡಿನಲ್ಲಿ? ಎಷ್ಟು ಉದ್ದಕ್ಕೆ ಅವಕಾಶ, ಆ ಉದ್ದ ಅಕ್ಷರದಲ್ಲೋ ಬೈಟ್‌ನಲ್ಲೋ? ಇಲ್ಲಿಂದ ಈ ಸ್ಟ್ರಿಂಗ್ ಎಲ್ಲೆಲ್ಲಿಗೆ ಹೋಗುತ್ತದೆ? ಕೊನೆಯದನ್ನು ಜನ ಮರೆಯುತ್ತಾರೆ. ಹೆಸರೊಂದು ಡೇಟಾಬೇಸ್‌ಗೆ ಹೋಗಿ, ಅಲ್ಲಿಂದ ಎಸ್ಸೆಮ್ಮೆಸ್‌ಗೆ, ಅಲ್ಪವಿರಾಮದಿಂದ ಕಾಲಮ್ ಬೇರ್ಪಡಿಸುವ ಸಿಎಸ್‌ವಿ ಫೈಲಿಗೆ, ರಸೀದಿಯ ಪಿಡಿಎಫ್‌ಗೆ ಹೋಗುತ್ತದೆ. ಇಂಗ್ಲಿಷ್ ಎಸ್ಸೆಮ್ಮೆಸ್ ಒಂದರಲ್ಲಿ 160 ಅಕ್ಷರ ಹಿಡಿದರೆ ಯೂನಿಕೋಡ್‌ನಲ್ಲಿ ಕಳಿಸಿದ ಕನ್ನಡದ್ದಕ್ಕೆ 70 ಮಾತ್ರ. ಬಿಒಎಂ (ಫೈಲಿನ ಶುರುವಿನಲ್ಲಿ ಅದು ಯೂನಿಕೋಡ್ ಎಂದು ತಿಳಿಸುವ ಗುರುತು) ಇಲ್ಲದ, ಯುಟಿಎಫ್-8ರ (ಯೂನಿಕೋಡ್ ಸಂಖ್ಯೆಗಳನ್ನು ಬೈಟ್‌ಗಳಾಗಿ ಬರೆಯುವ ಕ್ರಮದ) ಸಿಎಸ್‌ವಿಯನ್ನು ಎಕ್ಸೆಲ್‌ನಲ್ಲಿ ನೇರ ತೆರೆದರೆ ಕನ್ನಡ ಹೋಗಿ ವಿಚಿತ್ರ ಚಿಹ್ನೆಗಳ ಸಾಲು ಬರಬಹುದು. ಫಾರ್ಮ್‌ನಲ್ಲಿ ಪಾಸಾದ ಸ್ಟ್ರಿಂಗ್ ಇಂಥ ಕೊನೆಗಳಲ್ಲಿ ಬೀಳುತ್ತದೆ, ಆದ್ದರಿಂದ ಪರೀಕ್ಷೆ ಆ ಕೊನೆಯವರೆಗೂ ಹೋಗಬೇಕು.

ಸೀಡ್ ಬರೆದಿಡದೆ ಒಂದು ಹೆಜ್ಜೆಯೂ ಬೇಡ

ರಾತ್ರಿ ಓಡಿದ ಟೆಸ್ಟ್ ಫೇಲಾಗಿ, ಬೆಳಿಗ್ಗೆ ಮತ್ತೆ ಓಡಿಸಿದರೆ ಪಾಸಾದರೆ, ನಿಮ್ಮ ಕೈಯಲ್ಲಿ ಏನೂ ಇಲ್ಲ ಎಂದೇ ಅರ್ಥ. ಕಂಪ್ಯೂಟರಿನ ರ್‍ಯಾಂಡಮ್ ಅಂದರೆ ಒಂದು ಆರಂಭದ ಸಂಖ್ಯೆಯಿಂದ ಲೆಕ್ಕ ಹಾಕಿ ತೆಗೆದ ಸಾಲು. ಆ ಆರಂಭದ ಸಂಖ್ಯೆಯೇ ಸೀಡ್. ಅದೇ ಸೀಡ್ ಕೊಟ್ಟರೆ ಅದೇ ಸಾಲು ಬರುತ್ತದೆ. ಟೆಸ್ಟ್ ಶುರುವಾದ ಕೂಡಲೇ ಸೀಡ್ ಆರಿಸಿ ಲಾಗ್‌ನ ಮೊದಲ ಸಾಲಿನಲ್ಲೇ ಪ್ರಿಂಟ್ ಮಾಡಿ. ಹೊರಗಿಂದ ಸೀಡ್ ಕೊಟ್ಟರೆ ಅದನ್ನೇ ಬಳಸುವ ಹಾಗೆ ಒಂದು ಎನ್ವಿರಾನ್‌ಮೆಂಟ್ ವೇರಿಯಬಲ್ (ಪ್ರೋಗ್ರಾಮಿಗೆ ಹೊರಗಿಂದ ಬೆಲೆ ಕೊಡುವ ಜಾಗ) ಇಡಿ.

ಪೈಥಾನಿನಲ್ಲಿ ಇಡೀ ಪ್ರೋಗ್ರಾಮಿಗೆ ಸೇರಿದ ರ್‍ಯಾಂಡಮ್ ಬಳಸಬೇಡಿ. ಪ್ರತಿ ಟೆಸ್ಟಿಗೂ ರ್‍ಯಾಂಡಮ್ ಕ್ಲಾಸಿನ ಬೇರೆಯೇ ಆಬ್ಜೆಕ್ಟ್ ಮಾಡಿ, ಮುಖ್ಯ ಸೀಡ್ ಮತ್ತು ಟೆಸ್ಟಿನ ಹೆಸರನ್ನು ಸೇರಿಸಿದ ಒಂದು ಸ್ಟ್ರಿಂಗನ್ನು ಅದಕ್ಕೆ ಸೀಡ್ ಆಗಿ ಕೊಡಿ. ಹಾಗೆ ಮಾಡಿದರೆ ಟೆಸ್ಟ್‌ಗಳ ಸರದಿ ಬದಲಾದರೂ, ನಾಲ್ಕು ಒಟ್ಟಿಗೆ ಓಡಿದರೂ ಒಂದರ ಡೇಟಾ ಇನ್ನೊಂದನ್ನು ಕದಡುವುದಿಲ್ಲ. ಜಾವಾಸ್ಕ್ರಿಪ್ಟಿನ ಮ್ಯಾಥ್ ಡಾಟ್ ರ್‍ಯಾಂಡಮ್‌ಗೆ ಸೀಡ್ ಕೊಡುವ ದಾರಿಯೇ ಇಲ್ಲ, ಅಲ್ಲಿ ಬೇರೆ ಲೈಬ್ರರಿ ಬೇಕು.

ಇನ್ನೊಂದು ವಿಷಯ. ಪೈಥಾನಿನ ಹೊಸ ಆವೃತ್ತಿಗೆ ಹೋದಾಗ ಅದೇ ಸೀಡ್‌ನಿಂದ ಮೂಲ ಭಿನ್ನರಾಶಿಗಳ ಸಾಲು ಮಾತ್ರ ಹಾಗೇ ಬರುತ್ತದೆ ಎಂಬ ಭರವಸೆ ಇದೆ. ಪಟ್ಟಿಯಿಂದ ಆರಿಸುವ, ಕಲಸುವ ಫಂಕ್ಷನ್‌ಗಳಿಗೆ ಆ ಭರವಸೆ ಇಲ್ಲ. ಹಾಗಾಗಿ ಸೀಡ್ ಜೊತೆಗೆ ಫೇಲಾದ ಸ್ಟ್ರಿಂಗನ್ನೂ ಉಳಿಸಿ. ಮತ್ತೆ, ಈ ರ್‍ಯಾಂಡಮ್ ಪರೀಕ್ಷೆಗೆ ಮಾತ್ರ. ಪಾಸ್‌ವರ್ಡ್, ಒಟಿಪಿ, ಲಾಗಿನ್ ಟೋಕನ್‌ಗೆ ಪೈಥಾನಿನಲ್ಲಿ ಸೀಕ್ರೆಟ್ಸ್ ಎಂಬ ಬೇರೆ ಮಾಡ್ಯೂಲ್ ಇದೆ, ಅದನ್ನೇ ಬಳಸಿ.

ಸರಳ ಸ್ಟ್ರಿಂಗ್

ಇಂಗ್ಲಿಷ್ ದೊಡ್ಡಕ್ಷರ 26, ಸಣ್ಣಕ್ಷರ 26, ಅಂಕಿ 10, ಒಟ್ಟು 62ರ ಪಟ್ಟಿಯಿಂದ ಚಾಯ್ಸಸ್ ಫಂಕ್ಷನ್ನಿನಲ್ಲಿ ಬೇಕಾದಷ್ಟು ಅಕ್ಷರ ಎತ್ತಿ ಜೋಡಿಸಿ. ಅಷ್ಟೇ. ಉದ್ದವನ್ನು ಮಾತ್ರ ರ್‍ಯಾಂಡಮ್ಮಿಗೆ ಬಿಡಬೇಡಿ. ಮಿತಿ 50 ಇದ್ದರೆ 0, 1, 49, 50, 51 ಉದ್ದದವು ಪ್ರತಿ ಸಲವೂ ಇರಲೇಬೇಕು, ಉಳಿದದ್ದು ಅದೃಷ್ಟಕ್ಕೆ.

ಒಂದು ಬೈಟ್ ತೆಗೆದು ಅದನ್ನು 62ರಿಂದ ಭಾಗಿಸಿ ಶೇಷ ಹಿಡಿಯುವ ಕೋಡ್ ಬಹಳ ಕಡೆ ಕಾಣುತ್ತದೆ. ಬೈಟ್‌ಗೆ 256 ಬೆಲೆಗಳು. 62 ನಾಲ್ಕಲ 248, ಉಳಿಯುವುದು 8. ಅಂದರೆ ಪಟ್ಟಿಯ ಮೊದಲ 8 ಅಕ್ಷರಗಳಿಗೆ ಐದೈದು ಅವಕಾಶ, ಮಿಕ್ಕ 54ಕ್ಕೆ ನಾಲ್ಕು ನಾಲ್ಕೇ. ಟೆಸ್ಟ್ ಡೇಟಾಕ್ಕೆ ಇದರಿಂದ ಅಂಥ ನಷ್ಟವಿಲ್ಲ, ಕೂಪನ್ ಕೋಡ್ ಮಾಡುವ ಕಡೆ ಇದೇ ಕೋಡ್ ನುಸುಳಿದರೆ ಇದೆ.

ಒಂದರ ಹಾಗೆ ಇನ್ನೊಂದು ಬರಬಾರದು ಅಂದರೆ ಉದ್ದದ ಲೆಕ್ಕ ಹಾಕಿ. 36 ಚಿಹ್ನೆಗಳಿಂದ 6 ಉದ್ದದ ಕೋಡ್‌ಗಳು 217 ಕೋಟಿಗೂ ಹೆಚ್ಚು. ಕೇಳಲು ಸಮುದ್ರ. ಆದರೆ ಸುಮಾರು 55 ಸಾವಿರ ಕೋಡ್ ಹುಟ್ಟಿಸುವ ಹೊತ್ತಿಗೆ ಎಲ್ಲಾದರೂ ಎರಡು ಒಂದೇ ಆಗಿರುವ ಸಂಭವ ಅರ್ಧಕ್ಕರ್ಧ. ನಿಮ್ಮ ಟೆಸ್ಟ್ 1 ಲಕ್ಷ ಸದಸ್ಯರನ್ನು ಸೇರಿಸುವುದಾದರೆ ಬಹುಪಾಲು ಸಲ ಕಾರಣವಿಲ್ಲದೆ ಬೀಳುವ ಟೆಸ್ಟ್ ಒಂದು ನಿಮಗೆ ಗಂಟು ಬಿತ್ತು. ಕೋಡ್ ಹಿಂದೆ ಕ್ರಮಸಂಖ್ಯೆ ಅಂಟಿಸಿ.

ಕನ್ನಡದ ಸ್ಟ್ರಿಂಗ್: ಇಲ್ಲಿ ನಿಧಾನ ಮಾಡಿ

ಕನ್ನಡಕ್ಕೆ ಯೂನಿಕೋಡ್‌ನಲ್ಲಿ 3200ರಿಂದ 3327ರವರೆಗೆ 128 ಮನೆಗಳು. ಹೊಸಬರು ಈ ವ್ಯಾಪ್ತಿಯಿಂದ ಕೈಗೆ ಸಿಕ್ಕ ಸಂಖ್ಯೆಗಳನ್ನು ಎತ್ತಿ ಜೋಡಿಸುತ್ತಾರೆ. ಬರುವುದು ಕಸ: ಶುರುವಿನಲ್ಲೇ ಕೊಂಬು, ಮೂರು ಅನುಸ್ವಾರ ಒಟ್ಟಿಗೆ, ನಡುವೆ ಖಾಲಿ ಮನೆಗಳ ಚೌಕಗಳು. ಆ ಕಸವೂ ಬೇಕು, ಪ್ರೋಗ್ರಾಂ ಕುಸಿಯುತ್ತದೆಯೇ ನೋಡಲು. ನೂರರಲ್ಲಿ ಐದು ಸಾಕು. ಉಳಿದದ್ದು ಕನ್ನಡದ ಕಾಗುಣಿತದ ಹಾದಿಯಲ್ಲೇ ಹುಟ್ಟಬೇಕು.

ಮೊದಲು ವ್ಯಂಜನಗಳ ಪಟ್ಟಿ. 3221ರಲ್ಲಿ ಕ, 3257ರಲ್ಲಿ ಹ. ನಡುವೆ 3241 ಮತ್ತು 3252 ಖಾಲಿ, 3249 ಹಳಗನ್ನಡದ ಱ. ಈ ಮೂರು ತೆಗೆದರೆ ಉಳಿಯುವುದು ಸರಿಯಾಗಿ 34, ನಾವು ಶಾಲೆಯಲ್ಲಿ ಕಲಿತ 25 ವರ್ಗೀಯ, 9 ಅವರ್ಗೀಯ. ಲೆಕ್ಕ ತಾಳೆಯಾದಾಗ ನನಗೆ ಆದ ಸಂತೋಷ ಅಷ್ಟಿಷ್ಟಲ್ಲ. ಹಳಗನ್ನಡದ ಇನ್ನೊಂದು ಅಕ್ಷರ ೞ ದೂರದಲ್ಲಿ 3294ರಲ್ಲಿದೆ. ಯೂನಿಕೋಡ್ ಅದಕ್ಕೆ ತಪ್ಪಾಗಿ 'ಫ' ಎಂದು ಹೆಸರಿಟ್ಟಿದೆ, ಒಮ್ಮೆ ಇಟ್ಟ ಹೆಸರು ಬದಲಿಸಬಾರದೆಂಬ ನಿಯಮವಿರುವುದರಿಂದ ತಿದ್ದುಪಡಿಯನ್ನು ಉಪನಾಮವಾಗಿ ಸೇರಿಸಿದ್ದಾರೆ. ಶಾಸನ, ಹಳೆಯ ಕಾವ್ಯದ ತಂತ್ರಾಂಶ ಮಾಡುವವರು ಎರಡನ್ನೂ ಪಟ್ಟಿಗೆ ಹಾಕಿಕೊಳ್ಳಿ.

ಇನ್ನು ಒಂದು ಅಕ್ಷರ ಕಟ್ಟುವ ಫಂಕ್ಷನ್. ಒಂದು ವ್ಯಂಜನ ಎತ್ತಿ. ಹತ್ತರಲ್ಲಿ ಎರಡು ಸಲ ಅದರ ನಂತರ ವಿರಾಮ (ಅರ್ಧಾಕ್ಷರದ ಗುರುತು, 3277) ಮತ್ತು ಇನ್ನೊಂದು ವ್ಯಂಜನ ಸೇರಿಸಿ, ಒತ್ತಕ್ಷರ ಬಂತು. ನೂರರಲ್ಲಿ ಎರಡು ಸಲ ಇನ್ನೂ ಒಂದು ಒತ್ತು. ಹತ್ತರಲ್ಲಿ ಏಳು ಸಲ ಸ್ವರಚಿಹ್ನೆ, ಒಂದು ಸಲ ಅನುಸ್ವಾರ. ಪದದ ಮೊದಲ ಅಕ್ಷರಕ್ಕೆ ಮಾತ್ರ ಆಗಾಗ ವ್ಯಂಜನದ ಬದಲು ಬಿಡಿ ಸ್ವರ. ಎರಡರಿಂದ ಆರು ಅಕ್ಷರ ಸೇರಿದರೆ ಒಂದು ಪದ. ಈ ಪ್ರಮಾಣಗಳು ನಾನು ಇಟ್ಟುಕೊಂಡವು, ನಿಮ್ಮ ಡೇಟಾ ನೋಡಿ ಬದಲಿಸಿ. 'ಕ್ರಿಮಂತು', 'ಗೊಸ್ಪಾಳೆ' ಅನ್ನುವಂಥವು ಹುಟ್ಟುತ್ತವೆ. ಅರ್ಥವಿಲ್ಲ, ಆದರೆ ಬಾಯಲ್ಲಿ ಓದಬಹುದು, ಫಾಂಟ್‌ಗೂ ಸರ್ಚ್‌ಗೂ ನಿಜವಾದ ಕೆಲಸ ಕೊಡುತ್ತವೆ.

ಉದ್ದವನ್ನು ಯಾವುದರಲ್ಲಿ ಅಳೆಯುತ್ತಿದ್ದೇವೆ ಎಂಬುದು ಇಲ್ಲಿ ಬಹಳ ಮುಖ್ಯ. 'ಬೆಂಗಳೂರು' ಓದುವವರಿಗೆ ನಾಲ್ಕು ಅಕ್ಷರ: ಬೆಂ, ಗ, ಳೂ, ರು. ಪೈಥಾನಿಗೆ 8 ಕೋಡ್ ಪಾಯಿಂಟ್, ಅಂದರೆ 8 ಯೂನಿಕೋಡ್ ಸಂಖ್ಯೆ. ಯುಟಿಎಫ್-8ರಲ್ಲಿ ಒಂದೊಂದಕ್ಕೆ 3ರಂತೆ 24 ಬೈಟ್. 'ಸ್ತ್ರೀ' ಒಂದೇ ಅಕ್ಷರ, ಆದರೆ 6 ಕೋಡ್ ಪಾಯಿಂಟ್, 18 ಬೈಟ್. ಈಗ 20 ಬೈಟ್‌ಗೆ ಕತ್ತರಿಸುವ ಕಾಲಮ್ಮಿಗೆ 'ಬೆಂಗಳೂರು' ಹಾಕಿ. 18 ಬೈಟ್‌ಗೆ 'ಬೆಂಗಳೂ' ಮುಗಿಯಿತು, 'ರ'ದ ಮೂರು ಬೈಟಿನಲ್ಲಿ ಎರಡು ಒಳಗೆ, ಒಂದು ಹೊರಗೆ. ತೆರೆಯ ಮೇಲೆ ಪ್ರಶ್ನಾರ್ಥಕದ ವಜ್ರ. ಇದು ಎದ್ದು ಕಾಣುತ್ತದೆ, ಯಾರಾದರೂ ಹಿಡಿಯುತ್ತಾರೆ. ಕಾಲಮ್ 21 ಬೈಟ್ ಇದ್ದರೆ 'ಬೆಂಗಳೂರ' ಎಂದು ಉಳಿಯುತ್ತದೆ. ಎರರ್ ಇಲ್ಲ, ಚಿಹ್ನೆ ಇಲ್ಲ, ಕೊಂಬು ಮಾತ್ರ ಹೋಗಿದೆ. ಇಂಥದ್ದು ವರ್ಷಗಟ್ಟಲೆ ಹಾಗೇ ಕೂತಿರುತ್ತದೆ. ಆದ್ದರಿಂದ ಮಿತಿಯ ಸುತ್ತ ಒಂದೊಂದೇ ಬೈಟ್ ಹೆಚ್ಚಿಸುತ್ತ ಕನ್ನಡ ಸ್ಟ್ರಿಂಗ್ ಹಾಯಿಸಿ, ಹೋದದ್ದೇ ವಾಪಸ್ ಬಂತೇ ಎಂದು ಹೋಲಿಸಿ. ಡೇಟಾಬೇಸ್‌ಗಳ ಪೈಕಿ ಒರಾಕಲ್‌ನ ವಾರ್‌ಚಾರ್2 (ಪಠ್ಯದ ಕಾಲಮ್) ಮೂಲ ಸೆಟ್ಟಿಂಗ್‌ನಲ್ಲಿ ಬೈಟ್ ಎಣಿಸುತ್ತದೆ, ಮೈಎಸ್‌ಕ್ಯುಎಲ್‌ನ ವಾರ್‌ಚಾರ್ ಅಕ್ಷರ ಎಣಿಸುತ್ತದೆ. ಮೈಎಸ್‌ಕ್ಯುಎಲ್‌ನ ಹಳೆಯ ಯುಟಿಎಫ್8 ಮೂರು ಬೈಟ್‌ವರೆಗೆ ಮಾತ್ರ ಹಿಡಿಯುತ್ತದೆ. ಕನ್ನಡ ನೆಮ್ಮದಿಯಾಗಿ ಪಾಸಾಗುತ್ತದೆ, ಹೆಸರಿನ ಪಕ್ಕ ಒಂದು ಇಮೋಜಿ ಬಂದರೆ ಬೀಳುತ್ತದೆ. ನಾಲ್ಕು ಬೈಟಿನ ಒಂದೆರಡು ಚಿಹ್ನೆಯನ್ನೂ ಬೆರೆಸಿ.

ಹೆಸರಿನ ಫೀಲ್ಡ್‌ಗೆ 'ಅಕ್ಷರ ಮಾತ್ರ' ಎಂಬ ತಪಾಸಣೆ ಇದ್ದರೆ ಅಲ್ಲೇ ನಿಲ್ಲಿ. ಪೈಥಾನಿನ ಇಸ್‌ಆಲ್ಫಾ ಫಂಕ್ಷನ್ನಿಗೆ 'ಬೆಂಗಳೂರು' ಕೊಟ್ಟರೆ 'ಅಲ್ಲ' ಅನ್ನುತ್ತದೆ. ಸ್ವರಚಿಹ್ನೆ, ಅನುಸ್ವಾರ, ವಿರಾಮಗಳು ಯೂನಿಕೋಡ್ ಲೆಕ್ಕದಲ್ಲಿ ಅಕ್ಷರವಲ್ಲ, ಅಕ್ಷರಕ್ಕೆ ಅಂಟುವ ಗುರುತು. 'ಕಮಲ' ಎಂಬ ಹೆಸರು ಒಳಗೆ ಬರುತ್ತದೆ, 'ವಿಮಲಾ' ಬಾಗಿಲಲ್ಲೇ ನಿಲ್ಲುತ್ತಾಳೆ. ನಮ್ಮ ತಾಯಂದಿರ, ಅಜ್ಜಿಯರ ಹೆಸರು ಅವರ ಭಾಷೆಯಲ್ಲೇ ಸರಿಯಿಲ್ಲ ಅಂತ ಕೆಂಪಕ್ಷರದಲ್ಲಿ ಹೇಳುವ ಫಾರ್ಮ್ ನಮ್ಮ ಊರಿನಿಂದ ಹೊರಬೀಳಬಾರದು. ಕಾಗುಣಿತದ ಹಾದಿಯಲ್ಲಿ ಹುಟ್ಟಿದ ಹತ್ತು ಸ್ಟ್ರಿಂಗ್ ಹಾಯಿಸಿದರೆ ಈ ಬಗ್ ಮೊದಲ ನಿಮಿಷದಲ್ಲೇ ಸಿಗುತ್ತದೆ.

ಊರಿನ ಆಕಾರದ ಡೇಟಾ

ಬೆಂಗಳೂರಿನ ವಿಳಾಸ ಒಂದು ಒಳ್ಳೆಯ ಪರೀಕ್ಷೆ. 'ನಂ. 23/1, 3ನೇ ಮುಖ್ಯರಸ್ತೆ, 7ನೇ ಅಡ್ಡರಸ್ತೆ, 4ನೇ ಟಿ ಬ್ಲಾಕ್, ಜಯನಗರ, ಗಣೇಶನ ಗುಡಿ ಎದುರು'. ಇದರಲ್ಲಿ ಓರೆಗೆರೆ ಇದೆ, ಅಲ್ಪವಿರಾಮಗಳಿವೆ, ಅಂಕಿಯ ಜೊತೆ ಅಕ್ಷರ ಅಂಟಿದೆ. ಸಿಎಸ್‌ವಿಗೆ ಹೋದರೆ ಅಲ್ಪವಿರಾಮ ಕಾಲಮ್ ಒಡೆಯುತ್ತದೆ. ಹೀಗಾಗಿ ವಿಳಾಸವನ್ನು ತುಂಡುಗಳಿಂದ ಕಟ್ಟಿ: ಮನೆ ಸಂಖ್ಯೆಯ ನಾಲ್ಕೈದು ಮಾದರಿ, ಮುಖ್ಯರಸ್ತೆ, ಅಡ್ಡರಸ್ತೆ, ಹಂತ, ಬ್ಲಾಕ್, ಬಡಾವಣೆ, ಗುರುತು. ಊರಿನ ಹೆಸರಿಗೆ ಹಳೆಯ, ಹೊಸ ಎರಡೂ ಇಂಗ್ಲಿಷ್ ರೂಪ ಇರಲಿ. ಅಧಿಕೃತವಾಗಿ ಬದಲಾದದ್ದು 2014ರ ನವೆಂಬರ್ 1ಕ್ಕೆ, ಹಳೆಯ ದಾಖಲೆಗಳು ಬದಲಾಗಿಲ್ಲ.

ಹೆಸರೂ ಹಾಗೇ. ಇನಿಷಿಯಲ್ ಮುಂದೆ, ಇನಿಷಿಯಲ್ ಹಿಂದೆ, ಚುಕ್ಕಿ ಇದ್ದದ್ದು, ಇಲ್ಲದ್ದು, ಒಂದೇ ಪದದ ಹೆಸರು. 'ಕೊನೆಯ ಹೆಸರು ಕಡ್ಡಾಯ' ಎಂಬ ಫಾರ್ಮ್‌ನಲ್ಲಿ ನಮ್ಮ ಜನ ಚುಕ್ಕಿಯೊಂದನ್ನು ಹಾಕಿ ಮುಂದೆ ಹೋಗುತ್ತಾರೆ, ಆ ಚುಕ್ಕಿಯನ್ನೂ ಡೇಟಾಕ್ಕೆ ಸೇರಿಸಿ.

ಪಿನ್‌ಕೋಡ್ 6 ಅಂಕಿ, ಮೊದಲನೆಯದು ಸೊನ್ನೆಯಲ್ಲ. ಪ್ಯಾನ್ ಅಂದರೆ 5 ಅಕ್ಷರ, 4 ಅಂಕಿ, 1 ಅಕ್ಷರ. ಐಎಫ್‌ಎಸ್‌ಸಿ 11 ಉದ್ದ, ಐದನೆಯದು ಯಾವಾಗಲೂ ಸೊನ್ನೆ. ಜಿಎಸ್‌ಟಿ ಸಂಖ್ಯೆ 15 ಉದ್ದ, ಕರ್ನಾಟಕದ್ದು 29ರಿಂದ ಶುರು. ಇವನ್ನು ಮಾದರಿ ಹಿಡಿದು ಹುಟ್ಟಿಸುವುದು ಸುಲಭ. ಕಷ್ಟ ಇರುವುದು ಬೇರೆ ಕಡೆ: ಮಾದರಿಗೆ ಸರಿಹೊಂದುವ ಸಂಖ್ಯೆ ನಿಜವಾಗಿ ಯಾರದ್ದೋ ಆಗಿರಬಹುದು. ಒಮ್ಮೆ ನಮ್ಮ ಟೆಸ್ಟ್ ಸರ್ವರ್ ರ್‍ಯಾಂಡಮ್ ಮೊಬೈಲ್ ಸಂಖ್ಯೆಗಳಿಗೆ ನಿಜವಾದ ಎಸ್ಸೆಮ್ಮೆಸ್ ಕಳಿಸಿಬಿಟ್ಟಿತ್ತು. ರಾತ್ರಿ ಹನ್ನೊಂದಕ್ಕೆ 'ನಿಮ್ಮ ಸದಸ್ಯತ್ವ ರದ್ದಾಗಿದೆ' ಎಂದು ಗುರುತು ಪರಿಚಯವಿಲ್ಲದವರಿಗೆ ಹೋಯಿತು. ಅಂದಿನಿಂದ ಕಳಿಸುವ ಕೊಂಡಿಯನ್ನೇ ಕಿತ್ತು ನಕಲಿ ಕೊಂಡಿ ಹಾಕದೆ ಮೊಬೈಲ್ ಸಂಖ್ಯೆ ಹುಟ್ಟಿಸುವುದಿಲ್ಲ. ಇಮೇಲ್‌ಗೆ ಎಕ್ಸಾಂಪಲ್ ಡಾಟ್ ಕಾಮ್ ಬಳಸಿ, ಅದನ್ನು ಇಂಥ ಕೆಲಸಕ್ಕೆಂದೇ ಕಾದಿರಿಸಿದ್ದಾರೆ. ಆಧಾರ್‌ನ 12 ಅಂಕಿಯಲ್ಲಿ ಕೊನೆಯದು ವೆರ್ಹೋಫ್ ಕ್ರಮದ ತಾಳೆ ಅಂಕಿ. ಟೆಸ್ಟ್ ಸಂಖ್ಯೆಗೆ ಅದನ್ನು ಬೇಕೆಂದೇ ತಪ್ಪಾಗಿಟ್ಟು, ತಾಳೆ ನೋಡುವ ಭಾಗವನ್ನು ಬೇರೆಯಾಗಿ ಪರೀಕ್ಷಿಸುವುದು ನನ್ನ ಪದ್ಧತಿ. ನಿಜವಾದ ಗ್ರಾಹಕರ ಡೇಟಾ ನಕಲು ಮಾಡಿ ಟೆಸ್ಟ್‌ಗೆ ತರುವುದನ್ನಂತೂ ಮಾಡಲೇಬೇಡಿ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಬರುವ ಮುಂಚೆಯೂ ಅದು ತಪ್ಪೇ ಆಗಿತ್ತು.

ಕೆಡಿಸುವ ಹೆಜ್ಜೆ

ಒಳ್ಳೆಯ ಸ್ಟ್ರಿಂಗ್ ಹುಟ್ಟಿಸಿದ ಮೇಲೆ ಅದನ್ನು ಜನ ಕೆಡಿಸುವ ಹಾಗೆ ಕೆಡಿಸಬೇಕು. ಪ್ರತಿ ಕೇಡಿಗೂ ಒಂದು ಚಿಕ್ಕ ಫಂಕ್ಷನ್ ಬರೆಯಿರಿ. ಅದು ಸ್ಟ್ರಿಂಗ್ ಮತ್ತು ರ್‍ಯಾಂಡಮ್ ಆಬ್ಜೆಕ್ಟ್ ತೆಗೆದುಕೊಂಡು, ಹೊಸ ಸ್ಟ್ರಿಂಗ್ ಜೊತೆ ತನ್ನ ಹೆಸರನ್ನೂ ಕೊಡಲಿ. ಒಂದರ ಮೇಲೊಂದು ಎರಡು ಮೂರು ಓಡಿಸಿ, ಹೆಸರುಗಳ ಸರಣಿಯನ್ನು ಲಾಗ್ ಮಾಡಿ. ಎಲ್ಲಕ್ಕಿಂತ ಮುಖ್ಯವಾಗಿ, ಪ್ರತಿ ಕೇಡಿಗೂ ಮುಂಚೆಯೇ ಒಂದು ತೀರ್ಪು ಬರೆದಿಡಿ: ಪ್ರೋಗ್ರಾಂ ಇದನ್ನು ಹಳೆಯದೇ ಎಂದು ತಿಳಿಯಬೇಕೇ, ಬೇರೆ ಎಂದು ತಿಳಿಯಬೇಕೇ, ತಿರಸ್ಕರಿಸಬೇಕೇ. ಈ ತೀರ್ಪಿಲ್ಲದ ಕೇಡು ಬರೀ ಗದ್ದಲ.

ನನ್ನ ಪಟ್ಟಿಯ ಮೊದಲನೆಯದು ಅನುಸ್ವಾರಕ್ಕೆ ಸೊನ್ನೆ. ತೀರ್ಪು: ಒಂದೇ ಎಂದು ತಿಳಿಯಬೇಕು. ಪರಿಹಾರವಾಗಿ ನಾವು ಉಳಿಸುವ ಮುಂಚೆ, ಕನ್ನಡ ಅಕ್ಷರ ಅಥವಾ ಸ್ವರಚಿಹ್ನೆಯ ನಂತರವೇ ಬಂದ ಸೊನ್ನೆಯನ್ನು ಅನುಸ್ವಾರ ಮಾಡಿದೆವು. ಅಂಕಿಯ ನಂತರ ಬಂದದ್ದನ್ನು ಮುಟ್ಟಲಿಲ್ಲ, ಇಲ್ಲದಿದ್ದರೆ '೧೦ನೇ ಅಡ್ಡರಸ್ತೆ' ಕೆಡುತ್ತಿತ್ತು. ಹಾಗಾಗಿ ಕನ್ನಡ ಅಂಕಿ, ಪದ ಬೆರೆತ ಸ್ಟ್ರಿಂಗ್‌ಗಳೂ ಅದೇ ಟೆಸ್ಟಿನಲ್ಲಿ ಇರಬೇಕು.

ಎರಡನೆಯದು ಒತ್ತಾಗುವುದನ್ನು ತಡೆಯುವ ಕಾಣದ ಚಿಹ್ನೆ. 'ರಾಜ್‌ಕುಮಾರ್ ರಸ್ತೆ' ಎಂದು ಬರೆಯುವಾಗ ಜ್ ಮತ್ತು ಕು ನಡುವೆ 8204 ಎಂಬ ಕಾಣದ ಚಿಹ್ನೆ ಇದೆ. ತೆಗೆದರೆ 'ರಾಜ್ಕುಮಾರ್' ಆಗಿ ಒತ್ತು ಕೆಳಗಿಳಿಯುತ್ತದೆ. ಕೆಲವು ಕೀಬೋರ್ಡ್ ಇದನ್ನು ಹಾಕುತ್ತವೆ, ಕೆಲವು ಇಲ್ಲ. ತೋರಿಸುವಾಗ ಇರಬೇಕು, ಹುಡುಕುವಾಗ ಲೆಕ್ಕಕ್ಕೆ ಬರಬಾರದು. ಕಾಣದ ಚಿಹ್ನೆಗಳನ್ನೆಲ್ಲ ಅಳಿಸಿಹಾಕುವ 'ಶುದ್ಧೀಕರಣ' ಕೋಡ್ ಇಂಥ ಹೆಸರುಗಳನ್ನು ಹಾಳುಮಾಡುತ್ತದೆ.

ಮೂರನೆಯದು ನಾರ್ಮಲೈಸೇಷನ್, ಅಂದರೆ ಒಂದೇ ಅಕ್ಷರದ ಬೇರೆ ಬೇರೆ ಬರವಣಿಗೆಯನ್ನು ಒಂದು ರೂಪಕ್ಕೆ ತರುವುದು. 'ಕೋ' ಎಂಬಲ್ಲಿರುವ ಚಿಹ್ನೆ 3275 ಎಂಬ ಒಂದೇ ಸಂಖ್ಯೆಯಾಗಿರಬಹುದು, ಬಿಡಿಸಿದರೆ 3270, 3266, 3285 ಎಂದು ಮೂರಾಗಿಯೂ ಇರಬಹುದು. ಎರಡೂ ಸರಿ, ಬೈಟ್ ಹೋಲಿಸಿದರೆ ಬೇರೆ ಬೇರೆ. ಎನ್‌ಎಫ್‌ಡಿ (ಬಿಡಿಸಿದ ರೂಪ) ಮಾಡಿ ಕಳಿಸಿ, ಎನ್‌ಎಫ್‌ಸಿ (ಕೂಡಿಸಿದ ರೂಪ) ಮಾಡಿ ಹುಡುಕಿ, ಸಿಗಬೇಕು.

ಆಮೇಲೆ ಬೇಗ ಮುಗಿಯುವವು: ಹಿಂದೆ ಮುಂದೆ ಖಾಲಿ ಜಾಗ, ಎರಡು ಸ್ಪೇಸ್, ಟ್ಯಾಬ್, ಒಂದು ಚಿಹ್ನೆ ಅಳಿಸುವುದು, ಅಕ್ಕಪಕ್ಕದವನ್ನು ಅದಲುಬದಲು ಮಾಡುವುದು. ಪಿನ್‌ಕೋಡನ್ನು ಕನ್ನಡ ಅಂಕಿಗೆ ಬದಲಿಸಿ: '೫೬೦೦೦೪'. ಪೈಥಾನ್ ಅದನ್ನು ಸಂಖ್ಯೆಯಾಗಿ ಒಪ್ಪುತ್ತದೆ, ಜಾವಾಸ್ಕ್ರಿಪ್ಟಿನ ರೆಜೆಕ್ಸ್‌ನ (ಪಠ್ಯ ಮಾದರಿಗೆ ಹೊಂದುತ್ತದೆಯೇ ನೋಡುವ ಸೂತ್ರದ) ಅಂಕಿ ಗುರುತು ಒಪ್ಪುವುದಿಲ್ಲ, ಎರಡು ಪದರಗಳ ಜಗಳ ಅಲ್ಲೇ ಬಯಲಾಗುತ್ತದೆ. ಸ್ಟ್ರಿಂಗನ್ನು ತಿರುಗಿಸುವ ಪರೀಕ್ಷೆ ಪಠ್ಯಪುಸ್ತಕಗಳಲ್ಲಿ ಬಹಳ, ಕನ್ನಡಕ್ಕೆ ಕೋಡ್ ಪಾಯಿಂಟ್ ತಿರುಗಿಸಿದರೆ ಮೊದಲೇ ಕೊಂಬು ಬಂದು ನಿಲ್ಲುತ್ತದೆ. ಅದನ್ನು ಕಸದ ಐದು ಭಾಗಕ್ಕೆ ಸೇರಿಸಿ. ನುಡಿ, ಬರಹ ಎಂಬ ಕನ್ನಡ ಟೈಪಿಂಗ್ ತಂತ್ರಾಂಶಗಳ ಹಳೆಯ ಯೂನಿಕೋಡ್ ಅಲ್ಲದ ಕಡತಗಳಿಂದ ಅಂಟಿಸಿದ ನಾಲ್ಕು ಸಾಲನ್ನೂ ಇಟ್ಟುಕೊಳ್ಳಿ, ಅವು ಇಂಗ್ಲಿಷ್ ಅಕ್ಷರಗಳ ಗೋಜಲಾಗಿ ಕಾಣುತ್ತವೆ. ತೀರ್ಪು: ಅರ್ಥವಾಗುವ ಸಂದೇಶದೊಂದಿಗೆ ತಿರಸ್ಕಾರ.

ಏನನ್ನು ಪರೀಕ್ಷಿಸಬೇಕು, ಹೇಗೆ ಕಿರಿದು ಮಾಡಬೇಕು

ರ್‍ಯಾಂಡಮ್ ಸ್ಟ್ರಿಂಗ್‌ಗೆ ಉತ್ತರ ಏನಿರಬೇಕೆಂದು ಒಂದೊಂದಕ್ಕೂ ಬರೆಯಲಾಗದು. ಎಲ್ಲಕ್ಕೂ ಸಲ್ಲುವ ಗುಣ ಹೇಳಬೇಕು: ಉಳಿಸಿದ್ದು ಹಾಗೇ ವಾಪಸ್ ಬರಬೇಕು, ಉಳಿಸಿದ್ದು ಹುಡುಕಿದರೆ ಸಿಗಬೇಕು, ಶುದ್ಧಮಾಡಿದ್ದನ್ನು ಮತ್ತೆ ಶುದ್ಧಮಾಡಿದರೆ ಬದಲಾಗಬಾರದು. ಈ ದಾರಿಯನ್ನು ಹೆಸರುವಾಸಿ ಮಾಡಿದ್ದು ಕೋಯೆನ್ ಕ್ಲಾಸೆನ್, ಜಾನ್ ಹ್ಯೂಸ್ ಹ್ಯಾಸ್ಕೆಲ್ ಭಾಷೆಗೆ ಬರೆದು 2000ದಲ್ಲಿ ಪ್ರಬಂಧವಾಗಿ ಪ್ರಕಟಿಸಿದ ಕ್ವಿಕ್‌ಚೆಕ್. ಪೈಥಾನಿಗೆ ಇಂಥದೇ ಹೈಪಾಥೆಸಿಸ್ ಎಂಬ ಲೈಬ್ರರಿ ಇದೆ. ಬರೀ ಕಸ ತೂರಿ ಕುಸಿಯುತ್ತದೆಯೇ ನೋಡುವ ಫಜ್ ಟೆಸ್ಟಿಂಗ್ ಇನ್ನೂ ಹಿಂದಿನದು. 1988ರಲ್ಲಿ ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಬಾರ್ಟನ್ ಮಿಲ್ಲರ್ ಗುಡುಗು ಮಳೆಯ ರಾತ್ರಿ ಫೋನ್ ತಂತಿಯಲ್ಲಿ ಕೆಲಸ ಮಾಡುತ್ತಿದ್ದಾಗ, ತಂತಿಯ ಗದ್ದಲದಿಂದ ಬಂದ ಅಕ್ಷರಗಳಿಗೇ ಯುನಿಕ್ಸ್ ಪ್ರೋಗ್ರಾಂಗಳು ಕುಸಿದದ್ದರಿಂದ ಹುಟ್ಟಿದ ಯೋಚನೆ ಅದು.

ಹೈಪಾಥೆಸಿಸ್‌ನ ದೊಡ್ಡ ಉಪಕಾರ ಕಿರಿದು ಮಾಡುವುದು. ಫೇಲಾದ ಸ್ಟ್ರಿಂಗ್ ಸಿಕ್ಕ ಮೇಲೆ ಅದು ತಾನೇ ತುಂಡು ತುಂಡಾಗಿ ಕಳೆಯುತ್ತ, ಇನ್ನೂ ಫೇಲಾಗುವ ಅತಿ ಚಿಕ್ಕದನ್ನು ಹುಡುಕುತ್ತದೆ. ನಮ್ಮ ಹಳೆಯ ಕೋಡ್ ಮೇಲೆ ಓಡಿಸಿದಾಗ 40 ಚಿಹ್ನೆಯ ಗೋಜಲು ಎರಡಕ್ಕೆ ಇಳಿಯಿತು: ಕ೦. ಎರಡು ದಿನದ ಕೆಲಸ ಒಂದು ಸಾಲಾಗಿ ತೆರೆಯ ಮೇಲೆ ಕೂತಿತ್ತು. ಇದು ಸಿಗಬೇಕಾದರೆ ಅಕ್ಷರ ಕಟ್ಟುವ ಫಂಕ್ಷನ್ನನ್ನು ಹೈಪಾಥೆಸಿಸ್‌ನ ತುಂಡುಗಳಿಂದಲೇ ಕಟ್ಟಿ. ಒಳಗೆ ನಿಮ್ಮದೇ ರ್‍ಯಾಂಡಮ್ ಇಟ್ಟುಕೊಂಡರೆ ಅದಕ್ಕೆ ಕಿರಿದು ಮಾಡಲು ಹಿಡಿ ಸಿಗುವುದಿಲ್ಲ.

ಪ್ರತಿ ಕೋಡ್ ಸೇರ್ಪಡೆಗೂ ಖಾಯಂ ಸೀಡ್‌ನಲ್ಲಿ 200 ಸ್ಟ್ರಿಂಗ್, ಪ್ರತಿ ರಾತ್ರಿ ಹೊಸ ಸೀಡ್‌ನಲ್ಲಿ 1 ಲಕ್ಷ, ಇದು ನಮಗೆ ಒಗ್ಗಿದ ಲೆಕ್ಕ. ರಾತ್ರಿ ಫೇಲಾದದ್ದು ಒಂದು ಫೈಲಿಗೆ ಸೇರುತ್ತದೆ, ಅಲ್ಲಿರುವುದೆಲ್ಲ ಪ್ರತಿ ಸಲವೂ ಓಡುತ್ತದೆ. ಫೈಲಿನಲ್ಲಿ ಸ್ಟ್ರಿಂಗನ್ನು ಅಕ್ಷರವಾಗಿ ಇಡಬೇಡಿ, ಕೋಡ್ ಸಂಖ್ಯೆಗಳಾಗಿ ಇಡಿ. ನಡುವೆ ಯಾವುದೋ ಎಡಿಟರ್ ಅಥವಾ ಸ್ಕ್ರಿಪ್ಟ್ ಕೇಳದೆಯೇ ನಾರ್ಮಲೈಸ್ ಮಾಡಿಬಿಟ್ಟರೆ ಕಷ್ಟಪಟ್ಟು ಹಿಡಿದ ಕೇಡು ಕೈತಪ್ಪುತ್ತದೆ. ಪ್ರತಿ ಸಾಲಿನ ಪಕ್ಕ ದಿನಾಂಕ, ಸೀಡ್, ಕೇಡಿನ ಹೆಸರು. ನಮ್ಮ ಫೈಲಿನ ಮೊದಲ ಸಾಲು 3244, 3270, 3302 ಎಂದು ಶುರುವಾಗುತ್ತದೆ. ಸೀಡ್ ಕಾಲಮ್ಮಿನಲ್ಲಿ 'ಗ್ರಾಹಕರ ದೂರು' ಎಂದು ಬರೆದಿದ್ದೇವೆ.